ಕಬ್ಬನ್ ಕಟ್ಟಿಸದ ಕಬ್ಬನ್ ಪಾರ್ಕು

ಭಾನುವಾರ ನಸುಕಿನಲ್ಲಿ ಮೇಖ್ರಿ ಸರ್ಕಲ್ ದಾಟಿ, ಹೆಬ್ಬಾಳದ ಫ್ಲೈಓವರ್ ಏರಿ, ಯಲಹಂಕದ ವಾಯುನೆಲೆಯ ಗೋಡೆಯ ಪಕ್ಕದಲ್ಲೇ ಹಾದು ದೇವನಹಳ್ಳಿಯತ್ತ ಓಡುವ ಬೈಕುಗಳಲ್ಲಿ ಬಹುಪಾಲಿನ ಗುರಿ ಒಂದೇ: ಸೂರ್ಯ ಹುಟ್ಟುವ ಮೊದಲು ನಂದಿಬೆಟ್ಟ ಹತ್ತಬೇಕು. ಬೆಂಗಳೂರಿನ ಸೆಕೆ ತಾಳಲಾರದೆ ಈ ಬೆಟ್ಟ ಹತ್ತುವ ಚಾಳಿ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ನಡೆಸಿಕೊಂಡು ಬಂದವರಲ್ಲಿ ದೊಡ್ಡ ಹೆಸರು ಸರ್ ಮಾರ್ಕ್ ಕಬ್ಬನ್. ಬೆಟ್ಟದ ಮೇಲೆ ಆತನಿಗೊಂದು ಬೇಸಿಗೆ ಬಂಗಲೆಯೂ ಇತ್ತು.

ಆತನ ಹೆಸರು ಊರ ತುಂಬ ಇದೆ. ಪಾರ್ಕಿಗೆ ಇದೆ, ರಸ್ತೆಗೆ ಇದೆ, ನೇಕಾರರ ಪೇಟೆಗೆ ಇದೆ, ಈಗ ಮೆಟ್ರೊ ನಿಲ್ದಾಣಕ್ಕೂ ಇದೆ. ಹೆಸರು ಹರಡಿದಷ್ಟೂ ಮನುಷ್ಯ ಮಸುಕಾದ. ಮೆಚ್ಚುವವರು ಆತ ಮಾಡದ್ದನ್ನೆಲ್ಲ ಆತನ ಖಾತೆಗೆ ಜಮಾ ಮಾಡಿದ್ದಾರೆ. ಬಯ್ಯುವವರು ಬಯ್ಯಬೇಕಾದ ಜಾಗ ಬಿಟ್ಟು ಬೇರೆಲ್ಲೋ ಬಯ್ಯುತ್ತಾರೆ. ಸಿಪಾಯಿ ದಂಡಿನ ಕಿರಿಯ ಅಧಿಕಾರಿಯಾಗಿ ಬಂದು, ಸುಮಾರು 27 ವರ್ಷ ಇಡೀ ಮೈಸೂರು ಸೀಮೆಯನ್ನು ಆಳಿ ಹೋದವನ ಬಗ್ಗೆ ಇಷ್ಟು ಗೊಂದಲ ಇರಬೇಕಾಗಿಲ್ಲ.

ತಪ್ಪು ಕಲ್ಪನೆ: ಕಬ್ಬನ್ ಪಾರ್ಕ್ ಮಾಡಿಸಿದ್ದು ಕಬ್ಬನ್. ಅಠಾರಾ ಕಚೇರಿ ಕಟ್ಟಿಸಿದ್ದೂ ಆತನೇ.

ವಾಸ್ತವ: ಎರಡೂ ಅಲ್ಲ. ಕಬ್ಬನ್ ತೀರಿಕೊಂಡದ್ದು 1861ರಲ್ಲಿ, ಪಾರ್ಕ್ ರೂಪುಗೊಂಡದ್ದು 1870ರಲ್ಲಿ. ಅದನ್ನು ಯೋಜಿಸಿದವನು ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಆಗ ಮೈಸೂರಿನ ಕಮಿಷನರ್, ಅಂದರೆ ಹಿಂದೆ ಕಬ್ಬನ್ ಇದ್ದ ಹುದ್ದೆಯಲ್ಲಿದ್ದವನು ರಿಚರ್ಡ್ ಮೀಡ್. ಹಾಗಾಗಿ ಪಾರ್ಕಿನ ಮೊದಲ ಹೆಸರೇ ಮೀಡ್ಸ್ ಪಾರ್ಕ್. ಕಬ್ಬನ್ ಹೆಸರು ಆಮೇಲೆ ಅಂಟಿಕೊಂಡಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅದು ಶ್ರೀ ಚಾಮರಾಜೇಂದ್ರ ಪಾರ್ಕ್ ಆಯಿತು. ಸರ್ಕಾರದ ಕಡತದಲ್ಲಿ ಇಂದಿಗೂ ಆ ಹೆಸರೇ ಇದ್ದರೂ ಆಟೋದವರಿಗೆ ಹಾಗೆಂದರೆ ಅರ್ಥವಾಗುವುದಿಲ್ಲ.

ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡ, ಎದ್ದದ್ದು 1864ರಿಂದ 1868ರ ನಡುವೆ, ಲ್ಯೂಯಿನ್ ಬೌರಿಂಗ್ ಕಮಿಷನರ್ ಆಗಿದ್ದಾಗ. ಅದೂ ಸ್ಯಾಂಕಿಯ ಕೈಕೆಲಸ. ಸದಾಶಿವನಗರದ ಸ್ಯಾಂಕಿ ಕೆರೆ ಸುತ್ತ ಬೆಳಗ್ಗೆ ನಡೆಯುವವರು ನೆನೆಯಬೇಕಾದ ಹೆಸರು ಅದೇ. 1882ರ ಆ ಕೆರೆಗೆ ಮಾತ್ರ ಕಟ್ಟಿದವನ ಹೆಸರೇ ಉಳಿದಿದೆ, ಪುಣ್ಯಕ್ಕೆ.

ಹಾಗಾದರೆ ಕಬ್ಬನ್ ಎಲ್ಲಿ ಕುಳಿತು ಆಡಳಿತ ನಡೆಸಿದ? ಕೋಟೆಯಲ್ಲಿ, ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ. ತೇಗದ ಕಂಬಗಳ, ಹೂಬಳ್ಳಿ ಚಿತ್ರಿಸಿದ ಗೋಡೆಗಳ ಆ ಅರಮನೆಯೇ 1868ರವರೆಗೆ ಮೈಸೂರು ಸರ್ಕಾರದ ಸೆಕ್ರೆಟರಿಯೇಟ್ ಆಗಿತ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವನ್ನು ಕೊಂದ ಬ್ರಿಟಿಷರ ಅಧಿಕಾರಿಗಳು ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಬೆಂಗಳೂರಿನಲ್ಲಿ ಟಿಪ್ಪುವಿನ ಜಗಲಿಯಲ್ಲೇ ಕಂದಾಯದ ಲೆಕ್ಕ ಬರೆಸಿದರು.

ತಪ್ಪು ಕಲ್ಪನೆ: ಆತ ಟಿಪ್ಪುವಿನ ವಿರುದ್ಧ ಹೋರಾಡಿ ಗೆದ್ದ ಸೇನಾನಿ.

ವಾಸ್ತವ: ಟಿಪ್ಪು ಮಡಿದದ್ದು 1799ರ ಮೇ 4ರಂದು. ಕಬ್ಬನ್ ಮದರಾಸು ಸೇನೆಗೆ ಕೆಡೆಟ್ ಆಗಿ ಸೇರಿದ್ದು 1800ರಲ್ಲಿ. ದೇವನಹಳ್ಳಿ, ನಂದಿಯ ಯುದ್ಧಗಳಂತೂ ಅದಕ್ಕೂ ಹಿಂದಿನವು. ಕಾರ್ನ್‌ವಾಲಿಸ್ 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದು, ಇದೇ ಉತ್ತರದ ದಿಕ್ಕಿಗೆ ದಂಡು ನಡೆಸಿ, ದೇವನಹಳ್ಳಿಯನ್ನು ವಶಪಡಿಸಿಕೊಂಡ. ಆ ವರ್ಷದ ಅಕ್ಟೋಬರಿನಲ್ಲಿ ಆತನ ಸೈನ್ಯ ನಂದಿದುರ್ಗವನ್ನೂ ತೆಗೆದುಕೊಂಡಿತು.

ಕಬ್ಬನ್ ಪಿಂಡಾರಿಗಳ ವಿರುದ್ಧದ ಯುದ್ಧದಲ್ಲಿ ಇದ್ದ, ನಿಜ. ಆದರೆ ಆತ ಮೇಲೇರಿದ್ದು ಕಮಿಸರಿಯೇಟ್ ಖಾತೆಯಲ್ಲಿ. ದಂಡಿಗೆ ಅಕ್ಕಿ, ಹುಲ್ಲು, ಎತ್ತು, ಬಂಡಿ ಒದಗಿಸುವುದು, ಕಂಟ್ರಾಕ್ಟುದಾರರ ಲೆಕ್ಕ ತನಿಖೆ ಮಾಡುವುದು ಆ ಖಾತೆಯ ಕೆಲಸ. ಯಾವ ಸೀಮೆಯಲ್ಲಿ ಎಷ್ಟು ರಾಗಿ ಸಿಗುತ್ತದೆ, ಯಾವ ದಾರಿಯಲ್ಲಿ ಬಂಡಿಯ ಅಚ್ಚು ಮುರಿಯುತ್ತದೆ, ಯಾವ ಅಮಲ್ದಾರ ಸುಳ್ಳು ಹೇಳುತ್ತಾನೆ ಎಂಬುದು ಇಂಥ ಕೆಲಸದಲ್ಲಿ ತಿಳಿಯುವಷ್ಟು ಕತ್ತಿ ಹಿಡಿದವನಿಗೆ ತಿಳಿಯುವುದಿಲ್ಲ. ಮುಂದೆ ಆತನ ಆಡಳಿತವೆಲ್ಲ ಲೆಕ್ಕಪತ್ರ, ರಸ್ತೆ ಮತ್ತು ಗಾಡಿಯ ಸುತ್ತ ಏಕೆ ತಿರುಗಿತು ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ತಪ್ಪು ಕಲ್ಪನೆ: ಆತ ಬೆಂಗಳೂರಿನ ಗವರ್ನರ್. ರಾಜಭವನದಲ್ಲೇ ಇದ್ದನಲ್ಲ!

ವಾಸ್ತವ: ಈ ತಪ್ಪಿಗೆ ರಾಜಭವನವೇ ಕಾರಣ. ಈಗಿನ ರಾಜ್ಯಪಾಲರ ನಿವಾಸ ಕಬ್ಬನ್ 1840ರ ದಶಕದ ಆರಂಭದಲ್ಲಿ ತನ್ನ ವಾಸಕ್ಕೆಂದು ಕಟ್ಟಿಸಿಕೊಂಡ ಬಂಗಲೆ. ಮನೆ ಆತನದು, ಹುದ್ದೆ ಮಾತ್ರ ಬೇರೆ. ಆತ ಕಮಿಷನರ್. ಮೈಸೂರಿಗೆ ಮತ್ತು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನುಂಗಿದ ಕೊಡಗಿಗೆ.

ಸಿಪಾಯಿ ಸೇನೆಯಿಂದ ಬಂದು ನಿಜವಾಗಿ ಗವರ್ನರ್ ಆದವನು ನಮ್ಮ ನಾಡಿಗೇ ಗೊತ್ತಿರುವ ಥಾಮಸ್ ಮನ್ರೋ. 1799ರಲ್ಲಿ ಕೆನರಾದ ಕಲೆಕ್ಟರ್, ಆಮೇಲೆ ಬಳ್ಳಾರಿ ಸೇರಿದ ದತ್ತ ಮಂಡಲದಲ್ಲಿ ರೈತವಾರಿ ಪದ್ಧತಿ, 1820ರಿಂದ ಮದರಾಸಿನ ಗವರ್ನರ್, 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾಗೆ ಬಲಿ. ಮನ್ರೋ ಆಳಿದ್ದು ಕಂಪನಿಯ ಸ್ವಂತ ನೆಲವನ್ನು. ಕಬ್ಬನ್ ಆಳಿದ್ದು ಬೇರೆಯವರ ರಾಜ್ಯವನ್ನು. ವ್ಯತ್ಯಾಸ ಸಣ್ಣದಲ್ಲ.

1830–31ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ದಂಗೆ ಎದ್ದರು. ಅವರನ್ನು ಕೆರಳಿಸಿದ್ದು ಶರತ್ತಿನ ಪದ್ಧತಿ. ಹಾಗೆಂದರೆ ಅಮಲ್ದಾರ ಇಷ್ಟು ಹಣ ತಂದುಕೊಡುತ್ತೇನೆಂದು ಒಪ್ಪಿಕೊಂಡು ಬರುವುದು. ಆ ಹಣವನ್ನು ಆತ ರೈತನಿಂದ ಹೇಗೆ ಹಿಂಡುತ್ತಾನೆ ಎಂದು ಕೇಳುವವರಿರಲಿಲ್ಲ. ಬೂದಿ ಬಸಪ್ಪನ ಹೆಸರು ಆ ದಂಗೆಯ ಜೊತೆ ಇಂದಿಗೂ ಮಲೆನಾಡಿನಲ್ಲಿ ಉಳಿದಿದೆ. ದಂಗೆಯ ನೆಪದಲ್ಲಿ ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡ. ಗದ್ದುಗೆ, ಬಿರುದು, ದರ್ಬಾರು ಒಡೆಯರಿಗೆ ಉಳಿದವು. ಜೊತೆಗೆ ವರ್ಷಕ್ಕೆ ಒಂದು ಲಕ್ಷ ಸ್ಟಾರ್ ಪಗೋಡ ಮತ್ತು ನಿವ್ವಳ ಆದಾಯದ ಐದನೇ ಒಂದು ಪಾಲು. ಅಧಿಕಾರ ಮಾತ್ರ ಕಂಪನಿ ನೇಮಿಸಿದ ಕಮಿಷನ್ನಿನದು.

ದಂಗೆ ಏಕಾಯಿತೆಂದು ವಿಚಾರಿಸಲು ನಾಲ್ವರ ಸಮಿತಿಯೊಂದನ್ನು ನೇಮಿಸಿದರು. ಆ ನಾಲ್ವರಲ್ಲಿ ಒಬ್ಬ ಕಬ್ಬನ್. ಸಮಿತಿ 1833ರ ಕೊನೆಗೆ ವರದಿ ಕೊಟ್ಟಿತು. 1834ರ ಜೂನ್‌ನಲ್ಲಿ ಕಬ್ಬನ್ನನೇ ಏಕೈಕ ಕಮಿಷನರ್ ಆದ. ಮನೆಯ ಯಜಮಾನ ಸರಿಯಿಲ್ಲವೆಂದು ವರದಿ ಬರೆದವನೇ ಆ ಮನೆಯ ಉಸ್ತುವಾರಿಗೆ ಬಂದು ಕುಳಿತ ಹಾಗೆ. ಅಷ್ಟರಲ್ಲಿ ಬೆಂಟಿಂಕ್‌ಗೇ ಮನಸ್ಸು ಹೊಯ್ದಾಡಿತ್ತು. ರಾಜ್ಯದ ದೊಡ್ಡ ಭಾಗವನ್ನು ಒಡೆಯರಿಗೆ ಮರಳಿಸಬೇಕೆಂದು ಆತ ಶಿಫಾರಸು ಮಾಡಿದ. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ.

ತಪ್ಪು ಕಲ್ಪನೆ: ಬೆಂಗಳೂರಿಗೆ ದಂಡು ತಂದದ್ದು, ಅದನ್ನು ರಾಜಧಾನಿ ಮಾಡಿದ್ದು ಕಬ್ಬನ್.

ವಾಸ್ತವ: ದಂಡು ಪ್ರದೇಶ ಶುರುವಾದದ್ದು 1809ರಲ್ಲಿ. ಆಡಳಿತದ ಕಚೇರಿಗಳು ಬೆಂಗಳೂರಿಗೆ ಬಂದದ್ದು 1831ರಲ್ಲಿ. ಕಬ್ಬನ್ ಕಮಿಷನರ್ ಆದದ್ದು ಅದಾಗಿ ಮೂರು ವರ್ಷಕ್ಕೆ. ಆತ ಮಾಡಿದ್ದು ಇಷ್ಟು: 27 ವರ್ಷ ಇಲ್ಲೇ ಕುಳಿತು, ಮೈಸೂರಿಗೆ ಮರಳುವ ಮಾತೇ ಬಾರದಂತೆ ನೋಡಿಕೊಂಡ.

ತಪ್ಪು ಕಲ್ಪನೆ: ರಸ್ತೆ, ರೈಲು, ಶಾಲೆ, ಸರ್ವೆ, ಎಲ್ಲವೂ ಆತನ ಕೊಡುಗೆ.

ವಾಸ್ತವ: ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಆತನ ನಿಜವಾದ ಕೆಲಸವೂ ಇಲ್ಲಿದೆ, ಸುಳ್ಳು ಹೆಗ್ಗಳಿಕೆಯೂ ಇಲ್ಲಿದೆ.

ರೈಲು ಆತನದಲ್ಲ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಮೊದಲ ರೈಲು ಬಂದದ್ದು 1864ರ ಆಗಸ್ಟಿನಲ್ಲಿ, ಆತ ಸತ್ತು ಮೂರು ವರ್ಷಕ್ಕೆ. ಯಶವಂತಪುರಕ್ಕೆ ಹಳಿ ಮುಟ್ಟಿದ್ದು ಇನ್ನೂ ತಡವಾಗಿ. ಭೂಮಿಯ ಅಳತೆ, ಅಂದರೆ ಸರ್ವೆ–ಸೆಟ್ಲ್‌ಮೆಂಟ್, ಆರಂಭವಾದದ್ದು 1863ರಲ್ಲಿ, ಬೌರಿಂಗ್ ಕಾಲಕ್ಕೆ. ಹಳ್ಳಿಯ ಮಕ್ಕಳಿಗೆ ಹೋಬಳಿ ಶಾಲೆ ಬಂದದ್ದು 1868ರ ಹೊತ್ತಿಗೆ. ವಿದ್ಯಾ ಇಲಾಖೆ ಕಬ್ಬನ್ ಕಾಲದಲ್ಲಿ ಹುಟ್ಟಿತು, ನಿಜ. ಆದರೆ ಯಾವಾಗ? 1857ರಲ್ಲಿ. 1834ರಿಂದ ಲೆಕ್ಕ ಹಾಕಿದರೆ ಶಾಲೆಗೆ ಇಲಾಖೆ ಬೇಕೆಂದು ಸರ್ಕಾರಕ್ಕೆ ಅನಿಸಲು 23 ವರ್ಷ ಹಿಡಿಯಿತು. ಮುಂದೆ ಸೆಂಟ್ರಲ್ ಕಾಲೇಜ್ ಆದ ಬೆಂಗಳೂರು ಹೈಸ್ಕೂಲು ಬಂದದ್ದು 1858ರಲ್ಲಿ.

ರಸ್ತೆ ಮಾತ್ರ ಆತನದೇ. ಆ ಅವಧಿಯಲ್ಲಿ ಸುಮಾರು 1,600 ಮೈಲಿ ರಸ್ತೆ ಆಯಿತು, ಅದರ ಜೊತೆ ಸೇತುವೆ, ಮೋರಿಗಳು. ಅದಕ್ಕೂ ಮುಂಚೆ ಸೀಮೆಯ ಹೆಚ್ಚಿನ ದಾರಿಗಳಲ್ಲಿ ಸಾಮಾನು ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ಹೇರೆತ್ತು ಬಿಟ್ಟು ಬಂಡಿ ಹೂಡುವ ಹಾಗಾದರೆ ಒಂದು ಊರಿನಲ್ಲಿ ಕೊಳೆಯುವ ಧಾನ್ಯ ಇನ್ನೊಂದು ಊರಿನ ಸಂತೆಗೆ ಮುಟ್ಟುತ್ತದೆ, ಮಲೆನಾಡಿನ ಅಡಿಕೆ, ಕಾಫಿ ಘಟ್ಟ ಇಳಿಯುತ್ತವೆ. ಇದು ದಂಡಿಗೆ ರಾಗಿ, ಹುಲ್ಲು ಹೊಂದಿಸಿದವನಿಗೆ ಹೊಳೆಯುವ ವಿಚಾರ. ರಸ್ತೆ ಆದರೆ ದಂಡೂ ಬೇಗ ಬರುತ್ತದೆ ಎಂಬುದು ಕೂಡ ಆತನಿಗೆ ಹೊಳೆದೇ ಇರುತ್ತದೆ.

ಇನ್ನು ಸುಂಕ. ನನ್ನ ಪ್ರಕಾರ ಆತ ಮಾಡಿದ ಅತಿ ಮುಖ್ಯ ಕೆಲಸ ಇದು. ಆದರೆ ಇದಕ್ಕೆ ಪ್ರತಿಮೆಯೂ ಇಲ್ಲ, ಪಾರ್ಕೂ ಇಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರಿನಲ್ಲಿ ಅದರ ವಿವರವಿದೆ. ಕಬ್ಬನ್ ಆಡಳಿತದಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ 769. ಮದುವೆಗೆ ಸುಂಕ. ಮಗು ಹುಟ್ಟಿದರೆ ಸುಂಕ, ಹೆಸರಿಟ್ಟರೆ ಸುಂಕ, ತಲೆಗೂದಲು ತೆಗೆಸಿದರೆ ಸುಂಕ. ಒಂದು ಹಳ್ಳಿಯವರು ತಲೆತಲಾಂತರದಿಂದ ಒಂದು ತೆರಿಗೆ ಕಟ್ಟುತ್ತಿದ್ದರು. ಕಾರಣ, ಅವರ ಹಿರೀಕರು ಪಾಳೇಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲ! ನಗರ ಸೀಮೆಯ ಒಂದು ಜಾಗದಲ್ಲಿ ಎರಡೂ ಕೈ ಮೈಗಂಟಿಸಿಕೊಂಡು ನಡೆಯದಿದ್ದರೆ ದಂಡ ಕಟ್ಟಬೇಕಿತ್ತು. ಇಂಥ ಕಸವನ್ನು ಗುಡಿಸಿ ಹಾಕಿದ್ದು ಸಣ್ಣ ಕೆಲಸವಲ್ಲ. ಇದರ ಜೊತೆ ಕಂದಾಯದ ಕಂತುಗಳನ್ನು ಸುಗ್ಗಿಯ ಕಾಲಕ್ಕೆ ಹೊಂದಿಸಿ ಐದು ಮಾಡಿದ. ಬೆಳೆ ಕೈಗೆ ಬರುವ ಮೊದಲೇ ಹಣ ಕಟ್ಟಲು ರೈತ ಸಾಹುಕಾರನ ಮನೆಯ ಬಾಗಿಲು ತಟ್ಟುವುದು ಅಷ್ಟರಮಟ್ಟಿಗೆ ತಪ್ಪಿತು. ಹೊಲದ ಬದುವಿನಲ್ಲಿ ನಿಂತು ನೋಡಿದವನಿಗೆ ಕಂತಿನ ದಿನಾಂಕ ಎಂದರೆ ಏನೆಂದು ಗೊತ್ತಿರುತ್ತದೆ.

ಮೆಚ್ಚುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಖರ್ಚಿನ ಪುಟವನ್ನೂ ತೆರೆಯಬೇಕು. 1799ರ ಒಪ್ಪಂದದಂತೆ ಮೈಸೂರು ಪ್ರತಿವರ್ಷ ಕಂಪನಿಗೆ ಏಳು ಲಕ್ಷ ಸ್ಟಾರ್ ಪಗೋಡ, ಅಂದರೆ ಇಪ್ಪತ್ನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಕಟ್ಟಬೇಕಿತ್ತು. 1831ರಲ್ಲಿ ಆಡಳಿತ ಕಿತ್ತುಕೊಳ್ಳಲು ಕೊಟ್ಟ ಒಂದು ಕಾರಣವೇ ಪೊಗದಿಗೆ ಧಕ್ಕೆ ಬರಬಹುದು ಎಂಬ ಭಯ. ಕಬ್ಬನ್ ಲೆಕ್ಕ ಶುದ್ಧ ಮಾಡಿದ್ದು ರೈತನಿಗೆ ಅನುಕೂಲವಾಯಿತು, ಒಪ್ಪೋಣ. ಆದರೆ ಶುದ್ಧವಾದ ಆ ಲೆಕ್ಕದಿಂದ ಮೊದಲು ಎದ್ದು ಹೋಗುತ್ತಿದ್ದುದು ಈ ಇಪ್ಪತ್ನಾಲ್ಕೂವರೆ ಲಕ್ಷ. ಹೋಬಳಿಯ ಶಾಲೆಗೆ ಏಕೆ ಅಷ್ಟು ತಡವಾಯಿತು ಎಂದು ಕೇಳುವವರು ಈ ಅಂಕಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ತಪ್ಪು ಕಲ್ಪನೆ: ಕಬ್ಬನ್ ಮಹಾರಾಜರ ಆಪ್ತ, ಮೈಸೂರನ್ನು ಉಳಿಸಿದವನು. ಇಲ್ಲವೇ, ಮಹಾರಾಜರ ಬದ್ಧವೈರಿ.

ವಾಸ್ತವ: ಎರಡಕ್ಕೂ ಸಾಕ್ಷಿ ಇದೆ, ಅದಕ್ಕೇ ಎರಡೂ ಪೂರ್ತಿ ನಿಜವಲ್ಲ. ಆಡಳಿತವನ್ನು ಒಡೆಯರಿಗೆ ಮರಳಿಸುವುದಕ್ಕೆ ಕಬ್ಬನ್ ವಿರೋಧಿ. ಮುಮ್ಮಡಿಯವರು ಕಲ್ಕತ್ತೆಗೆ, ಲಂಡನ್ನಿಗೆ ಮನವಿಯ ಮೇಲೆ ಮನವಿ ಬರೆದರು, ಆತ ಅದರ ಪರ ನಿಲ್ಲಲಿಲ್ಲ. 1857ರಲ್ಲಿ ಉತ್ತರ ಹಿಂದೂಸ್ಥಾನ ಹೊತ್ತಿ ಉರಿದಾಗ ಮೈಸೂರು ತಣ್ಣಗಿತ್ತು, ಒಡೆಯರು ಬ್ರಿಟಿಷರಿಗೆ ನಿಷ್ಠರಾಗಿದ್ದರು. ಆದರೂ ಸರ್ಕಾರದ ಮನಸ್ಸು ಕರಗಲಿಲ್ಲ.

1860ರಲ್ಲಿ ಮೈಸೂರನ್ನು ಕಲ್ಕತ್ತೆಯ ಸರ್ಕಾರದ ಕೈಯಿಂದ ತೆಗೆದು ಮದರಾಸಿನ ಕೆಳಗೆ ಹಾಕಲು ಹೊರಟರು. ಆಗ ಕಮಿಷನರ್, ಮಹಾರಾಜ ಇಬ್ಬರೂ ಒಂದೇ ಕಡೆ ನಿಂತರು. ಕಬ್ಬನ್ ರಾಜೀನಾಮೆಗೆ ಸಿದ್ಧನಾದ, ಒಡೆಯರು ವೈಸರಾಯ್ ಕ್ಯಾನಿಂಗ್‌ಗೆ ಖರೀತ, ಅಂದರೆ ಅಧಿಕೃತ ರಾಜಪತ್ರ ಕಳಿಸಿದರು. ಆದೇಶ ರದ್ದಾಯಿತು. ಇದನ್ನು ಸ್ನೇಹ ಎನ್ನುವುದಕ್ಕಿಂತ ಇಬ್ಬರಿಗೂ ಮದರಾಸು ಬೇಡವಾಗಿತ್ತು ಎನ್ನುವುದು ಸರಿ. ಒಬ್ಬರಿಗೆ ರಾಜ್ಯ ಕೈಜಾರುವ ಭಯ, ಇನ್ನೊಬ್ಬನಿಗೆ ಕಾಲು ಶತಮಾನ ಯಾರ ಹಂಗಿಲ್ಲದೆ ಆಳಿದ ಮೇಲೆ ಮದರಾಸಿನ ಗವರ್ನರ್ ಮುಂದೆ ಕಡತ ಹಿಡಿದು ನಿಲ್ಲುವ ಮುಜುಗರ.

ಕೊನೆಗೆ ಮೈಸೂರು ಉಳಿದದ್ದು ಮುಮ್ಮಡಿಯವರ ಪಟ್ಟು ಮತ್ತು 1865ರಲ್ಲಿ ಅವರು ಚಾಮರಾಜೇಂದ್ರರನ್ನು ದತ್ತು ಪಡೆದದ್ದರಿಂದ. ಅವರು ತೀರಿಕೊಂಡದ್ದು 1868ರಲ್ಲಿ. ಆಡಳಿತ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಅದರಲ್ಲಿ ಕಬ್ಬನ್ ಪಾತ್ರ ಏನೂ ಇಲ್ಲ.

ತಪ್ಪು ಕಲ್ಪನೆ: ಆತ ಇಂಗ್ಲೆಂಡಿನ ದೊಡ್ಡ ಮನೆತನದವನು.

ವಾಸ್ತವ: ಇಂಗ್ಲೆಂಡಿನವನೂ ಅಲ್ಲ, ದೊಡ್ಡ ಮನೆತನವೂ ಅಲ್ಲ. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪ ಆತನ ಊರು. ತಂದೆ ಮಾಘೋಲ್ಡ್ ಎಂಬಲ್ಲಿ ಪಾದ್ರಿ. ಮೇಲಕ್ಕೆ ಹತ್ತಲು ಇದ್ದ ಏಣಿ ಸೋದರಮಾವ, ಮಾರ್ಕ್ ವಿಲ್ಕ್ಸ್. ಮದರಾಸು ಸೇನೆಯಲ್ಲಿದ್ದ ವಿಲ್ಕ್ಸ್ 1803ರಿಂದ 1808ರವರೆಗೆ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್. ಪೂರ್ಣಯ್ಯನವರ ದಿವಾನಗಿರಿಯನ್ನು ಹತ್ತಿರದಿಂದ ಕಂಡವನು. ಆತ ಮೂರು ಸಂಪುಟಗಳಲ್ಲಿ ಬರೆದ ದಕ್ಷಿಣ ಹಿಂದೂಸ್ಥಾನದ ಇತಿಹಾಸವನ್ನು ನಮ್ಮ ಪಠ್ಯಗಳು ಬಹುಕಾಲ ಕಣ್ಮುಚ್ಚಿ ನಂಬಿದವು. ಹೈದರ್, ಟಿಪ್ಪು ಬಗ್ಗೆ ನಾವು ಕೇಳಿಕೊಂಡು ಬಂದ ಎಷ್ಟೋ ಮಾತುಗಳ ಮೂಲ ಗೆದ್ದ ಪಕ್ಷದ ಈ ಲೇಖಕ.

ಸೈನಿಕನಾಗಿದ್ದು ವಸಾಹತಿನ ಗವರ್ನರ್ ಆದವನು ಈ ಕುಟುಂಬದಲ್ಲಿ ಯಾರೆಂದರೆ ವಿಲ್ಕ್ಸ್. 1813ರಲ್ಲಿ ಆತ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆದ. 1815ರ ಅಕ್ಟೋಬರಿನಲ್ಲಿ ಅಲ್ಲಿಗೆ ಸೆರೆಯಾಳಾಗಿ ಬಂದವನು ನೆಪೋಲಿಯನ್. ಮರುವರ್ಷ ಹಡ್ಸನ್ ಲೋ ಬಂದು ಅಧಿಕಾರ ವಹಿಸಿಕೊಳ್ಳುವವರೆಗೆ ದ್ವೀಪದ ಗವರ್ನರ್ ಆಗಿದ್ದವನು ನಮ್ಮ ಮೈಸೂರಿನ ಮಾಜಿ ರೆಸಿಡೆಂಟ್. ಟಿಪ್ಪುವಿನ ಜೊತೆ ಸಖ್ಯ ಬಯಸಿದ್ದ ನೆಪೋಲಿಯನ್ನನೂ ಟಿಪ್ಪುವಿನ ಚರಿತ್ರೆ ಬರೆದ ವಿಲ್ಕ್ಸನೂ ಅಟ್ಲಾಂಟಿಕ್ ನಡುವಿನ ಬಂಡೆಯೊಂದರ ಮೇಲೆ ಎದುರಾಬದುರಾ ಕುಳಿತು ಮಾತಾಡಿದ್ದರು.

ತಪ್ಪು ಕಲ್ಪನೆ: ನಂದಿಬೆಟ್ಟವನ್ನು ಬೆಳಕಿಗೆ ತಂದದ್ದು ಬ್ರಿಟಿಷರು.

ವಾಸ್ತವ: ಬೆಟ್ಟದ ಬುಡದ ಭೋಗನಂದೀಶ್ವರ ದೇವಸ್ಥಾನ ಸಾವಿರ ವರ್ಷ ದಾಟಿದ್ದು. ಚಿಕ್ಕಬಳ್ಳಾಪುರದ ಪಾಳೇಗಾರರು, ಹೈದರ್, ಟಿಪ್ಪು ಕಾಲದ ಕೋಟೆಯ ಬುರುಜುಗಳು ಇಂದಿಗೂ ಇವೆ. ಬ್ರಿಟಿಷರು ತಂದದ್ದು ಬಂಗಲೆ ಮಾತ್ರ.

ತಪ್ಪು ಕಲ್ಪನೆ: ಹೈಕೋರ್ಟ್ ಮುಂದಿನ ಕುದುರೆ ಪ್ರತಿಮೆ ಆತ ಇದ್ದಾಗಲೇ ನಿಂತದ್ದು. ಆತ ಇಲ್ಲೇ ಮಣ್ಣಾದ.

ವಾಸ್ತವ: ಪ್ರತಿಮೆ ಮಾಡಿದವನು ಬ್ಯಾರನ್ ಮಾರೊಚೆಟ್ಟಿ. ಲಂಡನ್ನಿನ ಪಾರ್ಲಿಮೆಂಟ್ ಮುಂದೆ ಕುದುರೆ ಏರಿ ಕತ್ತಿ ಎತ್ತಿ ನಿಂತಿರುವ ರಾಜ ರಿಚರ್ಡ್‌ನ ಪ್ರತಿಮೆಯೂ ಆತನದೇ. ಕಬ್ಬನ್ ಪ್ರತಿಮೆ 1866ರಲ್ಲಿ ಮೊದಲು ನಿಂತದ್ದು ಪೆರೇಡ್ ಮೈದಾನದಲ್ಲಿ. ಅಲ್ಲಿಂದ ಅಠಾರಾ ಕಚೇರಿ ಮುಂದಕ್ಕೆ. 2020ರ ಜೂನ್ ಕೊನೆಯಲ್ಲಿ ಹೈಕೋರ್ಟ್ ಆವರಣದಿಂದ ಅದನ್ನು ತೆಗೆದು ಪಾರ್ಕಿನೊಳಗೆ ಇಟ್ಟರು. ಅಲ್ಲಿಗೆ ಅದಕ್ಕೆ ಮೂರನೇ ನೆಲೆ. ಹೈಕೋರ್ಟ್ ಮುಂದೆ ನಿಂತು ಅದನ್ನು ಹುಡುಕಿದರೆ ಈಗ ಸಿಗುವುದಿಲ್ಲ.

ಆತ ಮದುವೆಯಾಗಲಿಲ್ಲ. ಅರವತ್ತು ವರ್ಷ ಈ ನೆಲದಲ್ಲಿದ್ದು, 1861ರಲ್ಲಿ ಹುದ್ದೆ ಬಿಟ್ಟು ಊರಿಗೆ ಹೊರಟವನು ದಾರಿಯಲ್ಲೇ, ಏಪ್ರಿಲ್ 23ರಂದು ಸೂಯೆಜ್‌ನಲ್ಲಿ ತೀರಿಕೊಂಡ. ದೇಹವನ್ನು ಐಲ್ ಆಫ್ ಮ್ಯಾನ್‌ಗೆ ಒಯ್ದು ಮಾಘೋಲ್ಡ್‌ನಲ್ಲಿ ಮಣ್ಣು ಮಾಡಿದರು.

ಪ್ರತಿಮೆ ಇರಬೇಕೋ ಬೇಡವೋ ಎಂಬ ಜಗಳ ಮತ್ತೆ ಬರುತ್ತದೆ, ಬರಲಿ. ಅಷ್ಟರೊಳಗೆ ತೋಟಗಾರಿಕೆ ಇಲಾಖೆಯವರಲ್ಲಿ ಒಂದು ಕೋರಿಕೆ. ಪ್ರತಿಮೆಯ ಪಕ್ಕದಲ್ಲಿ ಕನ್ನಡದಲ್ಲಿ ಒಂದು ಫಲಕ ಹಾಕಿ: ಪಾರ್ಕ್ ಮಾಡಿದವರು ಸ್ಯಾಂಕಿ ಮತ್ತು ಮೀಡ್, 1870. ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ರದ್ದಾದ ತೆರಿಗೆ 769. ಕಂಪನಿಗೆ ಕಟ್ಟಿದ ಪೊಗದಿ ವರ್ಷಕ್ಕೆ ಇಪ್ಪತ್ನಾಲ್ಕೂವರೆ ಲಕ್ಷ. ಆತನನ್ನು ಮೆಚ್ಚಬೇಕೋ ಬಯ್ಯಬೇಕೋ ಎಂಬುದನ್ನು ಓದಿದವರು ತಾವೇ ತೀರ್ಮಾನಿಸಲಿ.